ಕಿರುಚಿತ್ರವೂ ನಮ್ಮ ಸೋದರಳಿಯನೂ

ಬುದ್ಧಿ ಹೇಳಲು ಹೋಗಿ ಹೇಳಿಸಿಕೊಂಡು ಬರುವ ಪ್ರಸಂಗವು ಮನುಷ್ಯನ ಆಯುಷ್ಯದಲ್ಲಿ ಒಂದಾದರೂ ಇರುತ್ತದೆ. ನಮಗೆ ಅದು 2016ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಚೆನ್ನೈ ನಗರದಲ್ಲಿ ಒದಗಿತು.

ನಮ್ಮ ತಂಗಿಯನ್ನು ಕೊಟ್ಟಿರುವುದು ಆ ಊರಿಗೆ. ಅವಳ ಒಬ್ಬನೇ ಮಗನು ಎಂಜಿನಿಯರಿಂಗ್ ಓದಿ, ಕಂಪ್ಯೂಟರ್ ಉದ್ಯೋಗದಲ್ಲಿ ಕೈತುಂಬ ಸಂಬಳ ತರುತ್ತಿದ್ದನು. ಒಂದು ದಿನ ಊಟಕ್ಕೆ ಕುಳಿತಿರುವಾಗ, "ಕೆಲಸ ಬಿಡುತ್ತೇನೆ, ಸಿನಿಮಾ ನಿರ್ದೇಶನ ಮಾಡುತ್ತೇನೆ" ಎಂದನಂತೆ. ಅವನ ತಂದೆ ಕಾಲವಾಗಿ ಮೂರು ವರ್ಷವಾಗಿತ್ತು. ಮನೆಯ ಸಾಲ ತೀರಿರಲಿಲ್ಲ. "ಅಣ್ಣಯ್ಯ, ನೀನು ಹೇಳಿದರೆ ಕೇಳಿಯಾನು, ಒಮ್ಮೆ ಬಾ" ಎಂದು ತಂಗಿ ಫೋನಿನಲ್ಲಿ ಅತ್ತಳು. ನಾವು ಹೊರಟೆವು. ರೈಲು ಕಾಟಪಾಡಿಯನ್ನು ದಾಟುವಷ್ಟರಲ್ಲಿ ನಮ್ಮ ಉಪದೇಶವು ಸಾಂಗವಾಗಿ ಸಿದ್ಧವಾಗಿತ್ತು.

ಹುಡುಗನು ವಾದಕ್ಕೆ ನಿಲ್ಲಲಿಲ್ಲ. "ಮಾವ, ಮೊದಲು ನನ್ನೊಡನೆ ಒಂದು ಚಿತ್ರ ನೋಡಿ, ಆಮೇಲೆ ಎಷ್ಟು ಬೇಕಾದರೂ ಬಯ್ಯಿರಿ" ಎಂದನು. ಚಿತ್ರದ ಹೆಸರು 'ಅವಿಯಲ್'. ಹಲವು ತರಕಾರಿಗಳಿಗೆ ತೆಂಗಿನಕಾಯಿ, ಮೊಸರು ಕೂಡಿಸಿ ಮಾಡುವ ಆ ವ್ಯಂಜನವನ್ನು ನಮ್ಮ ಗೃಹಿಣಿಯರು ಬಲ್ಲರು. ಚಿತ್ರವೂ ಹಾಗೆಯೇ, ಒಂದೊಂದು ಕಿರುಚಿತ್ರವೂ ಬೇರೊಬ್ಬ ತರುಣನ ಕೈಯಡುಗೆ. 1976ರಲ್ಲಿ ಪುಟ್ಟಣ್ಣ ಕಣಗಾಲರು 'ಕಥಾಸಂಗಮ'ದಲ್ಲಿ ಮೂರು ಕಥೆಗಳನ್ನು ಪೋಣಿಸಿದ್ದುದು ನಮಗೆ ನೆನಪಾಯಿತು. ಆದರೆ ಅಲ್ಲಿ ಸೂತ್ರ ಹಿಡಿದ ಕೈ ಒಂದೇ, ಅದೂ ಪಳಗಿದ ಕೈ. ಇಲ್ಲಿಯವಾದರೋ ಬಹುಮಟ್ಟಿಗೆ ಎಳೆಯ ಕೈಗಳು. ಆಲ್ಫೋನ್ಸ್ ಪುತ್ರೆನ್ ಒಬ್ಬರು ಮಾತ್ರ ಅಷ್ಟರಲ್ಲಿ ಹೆಸರು ಮಾಡಿದ್ದರು.

ಎಲ್ಲವೂ ಹದವಾಗಿ ಬೆಂದಿದ್ದವೆಂದು ನಾವು ಹೇಳಲಾರೆವು. ಚಿತ್ರ ಮುಗಿದ ಮೇಲೆ ಕಾಫಿ ಕುಡಿಯುತ್ತ ಹುಡುಗನು ವಿವರಿಸಿದನು: ಹದಿನೈದು ನಿಮಿಷದ ಚಿತ್ರಕ್ಕೆ ಯಾರೂ ಟಿಕೆಟ್ಟು ಕೊಳ್ಳುವುದಿಲ್ಲ, ಯಾವ ಚಿತ್ರಮಂದಿರವೂ ಅದಕ್ಕೆ ಬಾಗಿಲು ತೆರೆಯುವುದಿಲ್ಲ. ಕಲೈಞರ್ ಟೆಲಿವಿಷನ್ನಿನಲ್ಲಿ ನಡೆದ 'ನಾಳೈಯ ಇಯಕ್ಕುನರ್' ಎಂಬ ಸ್ಪರ್ಧೆಯಲ್ಲಿ ಇಂತಹ ಕಿರುಚಿತ್ರ ಮಾಡಿಯೇ ಕಾರ್ತಿಕ್ ಸುಬ್ಬರಾಜ್ ಎಂಬ ಎಂಜಿನಿಯರು ಮೇಲೆ ಬಂದು, 2012ರಲ್ಲಿ 'ಪಿಜ್ಜಾ' ತೆಗೆದರು. ಮೇಲೆ ಹತ್ತಿದ ಮೇಲೆ ಏಣಿಯನ್ನು ಎಳೆದುಕೊಳ್ಳಲಿಲ್ಲ. 2015ರಲ್ಲಿ ಆರು ಕಿರುಚಿತ್ರಗಳನ್ನು ಒಟ್ಟುಗೂಡಿಸಿ 'ಬೆಂಚ್ ಟಾಕೀಸ್' ಎಂದು ಚಿತ್ರಮಂದಿರಕ್ಕೆ ತಂದರು. ಅದರ ಬೆನ್ನಿಗೆ ಬಂದುದು ಈ 'ಅವಿಯಲ್'.

ಇದನ್ನು ಕೇಳಿದಾಗ ನಮಗೆ ನಮ್ಮ ಅಜ್ಜನ ಕಾಲದ ಅವಿಭಕ್ತ ಕುಟುಂಬವು ಕಣ್ಣಿಗೆ ಕಟ್ಟಿತು. ಒಬ್ಬ ಸೋದರನ ಹೊಲ ಒಣಗಿದರೆ ಇನ್ನೊಬ್ಬನ ಹೊಲ ಅವನ ಮಕ್ಕಳಿಗೂ ಅನ್ನ ಹಾಕುತ್ತಿತ್ತು. ಇಲ್ಲಿಯೂ ಒಬ್ಬನ ಸೋಲನ್ನು ಮತ್ತೊಬ್ಬನ ಗೆಲುವು ಹೊರುತ್ತದೆ. ಯಾರೊಬ್ಬನೂ ಮನೆಮಾರು ಕಳೆದುಕೊಳ್ಳುವುದಿಲ್ಲ. ನಾವು ಹುಡುಗನ ಮುಂದೆ ಎರಡೇ ದಾರಿಗಳನ್ನು ಕಂಡಿದ್ದೆವು: ಉದ್ಯೋಗ, ಇಲ್ಲವೆ ಸರ್ವನಾಶ. ನಡುವೆ ಸಣ್ಣದೊಂದು ಕಾಲುದಾರಿ ಇದ್ದಿತೆಂಬುದು ನಮಗೆ ಹೊಳೆದಿರಲಿಲ್ಲ.

ಆ ರಾತ್ರಿ ತಂಗಿಯ ಎದುರಿಗೇ ಒಪ್ಪಂದವಾಯಿತು. ಸಾಲ ತೀರುವವರೆಗೆ ಕೆಲಸ ಬಿಡತಕ್ಕದ್ದಲ್ಲ; ರಜೆಯ ದಿನಗಳಲ್ಲಿ ಸ್ವಂತ ಉಳಿತಾಯದಿಂದ ಒಂದು ಕಿರುಚಿತ್ರ ಮಾಡಬಹುದು; ಅದಕ್ಕೆ ಮನೆಯನ್ನು ಬಿಟ್ಟುಕೊಡತಕ್ಕದ್ದು. "ನಿನ್ನನ್ನು ಕರೆಸಿದ್ದು ಇದಕ್ಕೇನೋ?" ಎಂದು ತಂಗಿ ನಮ್ಮನ್ನು ನೋಡಿದ ನೋಟವು ಇನ್ನೂ ಮರೆತಿಲ್ಲ. ಆದರೂ ಚಿತ್ರೀಕರಣ ನಡೆದ ಎರಡು ದಿನವೂ ಎಂಟು ಹುಡುಗರಿಗೆ ಅಡುಗೆ ಮಾಡಿ ಬಡಿಸಿದವಳು ಅವಳೇ.

ಆ ಚಿತ್ರವು ಎರಡು ಸ್ಪರ್ಧೆಗಳಿಗೆ ಹೋಗಿ ಎರಡರಿಂದಲೂ ಹಿಂದಿರುಗಿತು. ಹುಡುಗನು ವಾರವೆಲ್ಲ ಮೌನವಾಗಿದ್ದನು. ಬಳಿಕ ನಮಗೆ ಫೋನ್ ಮಾಡಿ, "ಮಾವ, ಸೋತದ್ದು ಏಕೆಂದು ಈಗ ತಿಳಿಯಿತು" ಎಂದನು. ಆ ಮಾತಿನಲ್ಲಿ ಅಳು ಇರಲಿಲ್ಲ. 2019ರಲ್ಲಿ ಮನೆಯ ಸಾಲ ತೀರಿತು; ಅವನು ಕೆಲಸ ಬಿಟ್ಟು ಸಹಾಯಕ ನಿರ್ದೇಶಕನಾಗಿ ಸೇರಿದನು. ಹಿಂದಿನ ಸಂಬಳದ ಕಾಲುಭಾಗವೂ ಬರುವುದಿಲ್ಲ. ತಂಗಿ ಈಗ ನಮ್ಮ ಮೇಲೆ ಸಿಟ್ಟಾಗುವುದು ವಾರಕ್ಕೊಮ್ಮೆ ಮಾತ್ರ.

'ಅವಿಯಲ್'ನಲ್ಲಿ ಒಂದು ಚಿತ್ರ ಮಾಡಿದ ಲೋಕೇಶ್ ಕನಕರಾಜ್ ಎಂಬವರು ಮುಂಚೆ ಬ್ಯಾಂಕಿನಲ್ಲಿದ್ದವರು. 2017ರಲ್ಲಿ 'ಮಾನಗರಂ', 2019ರಲ್ಲಿ 'ಕೈದಿ' ತೆಗೆದು ಪ್ರಸಿದ್ಧರಾದರು. ಅವರನ್ನು ತೋರಿಸಿ ನಾವು ತಂಗಿಯನ್ನು ಸಮಾಧಾನಪಡಿಸುವುದಿಲ್ಲ. ಗೆದ್ದವನ ಹೆಸರು ಊರಿಗೆಲ್ಲ ಗೊತ್ತು, ಗೆಲ್ಲದವರ ಹೆಸರು ಅವರವರ ತಾಯಂದಿರಿಗೆ ಮಾತ್ರ ಗೊತ್ತು. ನಾವು ಹೇಳುವುದಿಷ್ಟೆ: ಮಗನ ಹಂಬಲವು ದೊಡ್ಡದೆಂದು ಬೆದರುವ ಮುನ್ನ, ಅದನ್ನು ಸಣ್ಣದಾಗಿ ಪರೀಕ್ಷಿಸಿಕೊಳ್ಳಲು ಅವನಿಗೆ ಮನೆಯ ಒಂದು ಮೂಲೆಯನ್ನು ಕೊಡಬಾರದೇಕೆ?

ಕಾಟಪಾಡಿಯಲ್ಲಿ ಸಿದ್ಧವಾದ ಆ ಉಪದೇಶವು ಇಂದಿಗೂ ನಮ್ಮಲ್ಲಿ ಹಾಗೆಯೇ ಉಳಿದಿದೆ. ಬೇಕಾದವರು ಕೇಳಿದರೆ ಕೊಡಲು ಅಡ್ಡಿಯಿಲ್ಲ.