ಮುಟ್ಟದೆ ಸಾಕುವ ಪ್ರೀತಿ

ಸಾಕುಪ್ರಾಣಿ ಎಂದೊಡನೆ ಮನಸ್ಸಿಗೆ ಬರುವುದು ಬಾಲ ಅಲ್ಲಾಡಿಸುವ ನಾಯಿ, ಮಡಿಲೇರಿ ಮಲಗುವ ಬೆಕ್ಕು. ಕರೆದರೆ ಬಾರದ, ತಲೆ ಸವರಲಾಗದ, ನೀರಿನ ತಳದಲ್ಲಿ ಸುಮ್ಮನೆ ಕುಳಿತಿರುವ ಪ್ರಾಣಿಯನ್ನು ಸಾಕಿದ್ದೇವೆ ಎಂದರೆ ಕೇಳಿದವರಿಗೆ ನಗು ಬರುತ್ತದೆ. ಊಟಿಯ ನಮ್ಮ ಮನೆಯಲ್ಲಿ 2022ರಿಂದ ಅಂಥ ಎರಡು ಜೀವಗಳಿವೆ. ಅವುಗಳ ಹೆಸರು ಆಕ್ಸಲಾಟಲ್. ನೋಡಲು ಬಂದವರು, "ಇದು ಮೀನೋ, ಹಲ್ಲಿಯೋ?" ಎಂದು ಕೇಳುತ್ತಾರೆ. ಎರಡೂ ಅಲ್ಲ. ಕಪ್ಪೆಯಂತೆ ಇದೂ ಉಭಯಚರ. ಸಾಲಮಾಂಡರ್ ಗುಂಪಿಗೆ ಸೇರಿದ್ದು. ಕಪ್ಪೆಯ ಮರಿ ನೀರಿನಲ್ಲಿ ಬೆಳೆದು, ಬಾಲ ಕಳೆದುಕೊಂಡು ದಡಕ್ಕೆ ಬರುತ್ತದೆ. ಆಕ್ಸಲಾಟಲ್ ದಡಕ್ಕೆ ಬರುವುದೇ ಇಲ್ಲ. ಮೊಟ್ಟೆಯಿಡುವ ವಯಸ್ಸಾದರೂ ಮರಿಯ ರೂಪದಲ್ಲೇ ಉಳಿಯುತ್ತದೆ. ತಲೆಯ ಎರಡೂ ಬದಿಗೆ ಮೂರು ಮೂರು ಗರಿಗಳಂತೆ ಚಾಚಿಕೊಂಡ ಕಿವಿರುಗಳು, ಸದಾ ಮುಗುಳ್ನಗುವಂತೆ ಕಾಣುವ ಬಾಯಿ. ಕಾಲು ತುಂಡಾದರೆ ಮತ್ತೆ ಕಾಲು ಬೆಳೆಸಿಕೊಳ್ಳುವ ಶಕ್ತಿಯನ್ನು ಸೃಷ್ಟಿಕರ್ತ ದೇವರು ಇದಕ್ಕೆ ಕೊಟ್ಟಿದ್ದಾರೆ.

ಇದರ ತವರು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ. ಹಿಂದೆ ದೊಡ್ಡ ಸರೋವರವಿದ್ದ ಆ ಜಾಗದಲ್ಲಿ ಈಗ ಉಳಿದಿರುವುದು ಕಾಲುವೆಗಳು ಮತ್ತು ಅವುಗಳ ನಡುವೆ ರೈತರು ಕೆಸರು ಪೇರಿಸಿ ಮಾಡಿಕೊಂಡ ಹೊಲಗಳು. ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಊಟಿಯ ಎತ್ತರವೂ ಹೆಚ್ಚುಕಡಿಮೆ ಅಷ್ಟೇ! ಎರಡೂ ಉಷ್ಣವಲಯದ ತಂಪು ಬೆಟ್ಟದ ಊರುಗಳು. ಈ ಒಂದು ಕಾರಣಕ್ಕೆ ಮಾತ್ರ ನಾವು ಧೈರ್ಯ ಮಾಡಿದೆವು.

ಆಸೆ ಹುಟ್ಟಿದ್ದು ಮಗಳಿಗೆ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಈ ಪ್ರಾಣಿ ಸೇರಿಕೊಂಡಿತು; ಅಂದಿನಿಂದ ಊಟದ ಹೊತ್ತಿಗೂ ಅದೇ ಮಾತು. "ಮೊದಲು ನೀರನ್ನು ಸಾಕಲು ಕಲಿ. ಆಮೇಲೆ ಪ್ರಾಣಿ," ಎಂದೆವು. ಅದು ಮಗುವನ್ನು ಸಮಾಧಾನಪಡಿಸಲು ಹೇಳಿದ ಮಾತಾಗಿರಲಿಲ್ಲ. ಆಕ್ಸಲಾಟಲ್ ಸಾಕಲು ಹೊರಟ ಯಾರಿಗಾದರೂ ಮೊದಲ ಪಾಠ ಇದೇ.

ಪ್ರಾಣಿಯ ಹೊಲಸಿನಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ. ಅದು ಅದಕ್ಕೇ ವಿಷ. ಒಂದು ಬಗೆಯ ಸೂಕ್ಷ್ಮಾಣುಗಳು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಇದು ಸ್ವಲ್ಪವಿದ್ದರೆ ತೊಂದರೆಯಿಲ್ಲ. ಈ ಸೂಕ್ಷ್ಮಾಣುಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯುವ ಹಾಗೆ ಇಲ್ಲೂ ಕಾಯಬೇಕು. ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದು ಸಿಕ್ಕರೆ ಅದೇ ಹೆಪ್ಪು. ಪರೀಕ್ಷೆಯ ದ್ರಾವಣದಲ್ಲಿ ಅಮೋನಿಯ ಸೊನ್ನೆ, ನೈಟ್ರೈಟ್ ಸೊನ್ನೆ ಎಂದು ತೋರಿದ ಮೇಲೆಯೇ ಪ್ರಾಣಿಯನ್ನು ತರಬೇಕು. ಎರಡು ತಿಂಗಳು ನಮ್ಮ ಮನೆಯಲ್ಲಿ ಬರೀ ನೀರಿನ ತೊಟ್ಟಿ ಇತ್ತು. "ಖಾಲಿ ನೀರಿಗೆ ಕರೆಂಟು ಖರ್ಚು ಮಾಡ್ತೀರಲ್ಲ!" ಎಂದು ಅಜ್ಜಿ ದಿನವೂ ಹೇಳುತ್ತಿದ್ದರು.

ಆಮೇಲೆ ಎರಡು ಮರಿಗಳು ಬಂದವು. ಒಂದು ಗುಲಾಬಿ ಬಣ್ಣದ್ದು, ಇನ್ನೊಂದು ಕಪ್ಪು. ಮಗಳು ಗುಲಾಬಿ, ಕರಿಯ ಎಂದು ಹೆಸರಿಟ್ಟಳು. ಇವುಗಳಲ್ಲಿ ಗಂಡು ಹೆಣ್ಣು ತಿಳಿಯಲು ಸುಮಾರು ಒಂದು ವರ್ಷವಾಗಬೇಕು. ಚಿಕ್ಕವು ಒಂದರ ಕಾಲನ್ನು ಇನ್ನೊಂದು ಕಚ್ಚುವ ಸಂಭವವಿರುವುದರಿಂದ ನಡುವೆ ಜಾಲರಿಯ ತಡೆ ಹಾಕಿದೆವು.

ಹೊಸಬರಿಗೆ ಉಪಯೋಗವಾಗಲೆಂದು ನಾವು ಪಾಲಿಸುವ ಕ್ರಮವನ್ನು ಹೇಳುತ್ತೇವೆ. ಒಂದು ಪ್ರಾಣಿಗೆ ಕಡಿಮೆಯೆಂದರೂ 75 ಲೀಟರ್ ನೀರು ಬೇಕು. ನೂರು ದಾಟಿದರೆ ಒಳ್ಳೆಯದು. ನೀರಿನ ಉಷ್ಣತೆ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇರಬೇಕು. ಊಟಿಯಲ್ಲಿ ಹುಲ್ಲಿನ ಮೇಲೆ ಹಿಮ ಬೀಳುವ ಡಿಸೆಂಬರ್ ಜನವರಿಯಲ್ಲಿ ಅವಕ್ಕೆ ತೊಂದರೆಯಿಲ್ಲ, ತಿನ್ನುವುದು ಕಡಿಮೆಯಾಗುತ್ತದೆ ಅಷ್ಟೆ. ಏಪ್ರಿಲ್ ಮೇ ತಿಂಗಳಲ್ಲಿ ಚಿಕ್ಕ ಫ್ಯಾನೊಂದನ್ನು ನೀರಿನ ಮೇಲೆ ಗಾಳಿ ಬೀಸುವಂತೆ ಇಡುತ್ತೇವೆ. ತೊಟ್ಟಿಯ ತಳಕ್ಕೆ ಸಣ್ಣ ಜಲ್ಲಿ ಹಾಕಬಾರದು. ಬಾಯಿ ತೆರೆದು ಆಹಾರವನ್ನು ಒಳಗೆಳೆದುಕೊಳ್ಳುವಾಗ ಕಲ್ಲೂ ಹೊಟ್ಟೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಬರಿಯ ಗಾಜಿನ ತಳ ಸಾಕು. ದೊಡ್ಡವಾದ ಮೇಲೆ ನಯವಾದ ಮರಳು ಹಾಕಬಹುದು. ಕಣ್ಣಿಗೆ ರೆಪ್ಪೆಯಿಲ್ಲ, ಆದ್ದರಿಂದ ಪ್ರಖರ ದೀಪ ಬೇಡ. ಅಡಗಿಕೊಳ್ಳಲು ಅಡ್ಡ ಮಲಗಿಸಿದ ಮಣ್ಣಿನ ಕುಂಡ ಇರಲಿ. ಜೊತೆಗೆ ಮೀನು ಬಿಡಬಾರದು. ಮೀನುಗಳು ಕಿವಿರುಗಳನ್ನು ಕಚ್ಚುತ್ತವೆ. ವಾರಕ್ಕೊಮ್ಮೆ ಐದರಲ್ಲೊಂದು ಪಾಲು ನೀರನ್ನು ತೆಗೆದು, ಕ್ಲೋರಿನ್ ಕಳೆದ, ಅಷ್ಟೇ ತಂಪಾದ ನೀರನ್ನು ತುಂಬುತ್ತೇವೆ.

ಆಹಾರಕ್ಕೆ ಎರೆಹುಳುವಿಗಿಂತ ಒಳ್ಳೆಯದಿಲ್ಲ. ಮರಿಗಳಿಗೆ ದಿನವೂ, ದೊಡ್ಡವಕ್ಕೆ ಎರಡು ಮೂರು ದಿನಕ್ಕೊಮ್ಮೆ. ಆದರೆ ಕ್ಯಾರೆಟ್, ಕೋಸಿನ ಹೊಲಗಳಿಂದ ಹುಳು ಅಗೆದು ತರುವಂತಿಲ್ಲ. ಅಲ್ಲಿ ಔಷಧಿ ಹೊಡೆದಿರುತ್ತಾರೆ. ಹಿತ್ತಿಲಲ್ಲಿ ಅಡುಗೆಮನೆಯ ಸಿಪ್ಪೆ ಹಾಕಿ ಎರೆಗೊಬ್ಬರದ ತೊಟ್ಟಿ ಮಾಡಿಕೊಂಡೆವು. ಆಕ್ಸಲಾಟಲಿಗೆ ಹುಳು, ಗುಲಾಬಿ ಗಿಡಕ್ಕೆ ಗೊಬ್ಬರ. ಅಜ್ಜಿಯ ಅರ್ಧ ಕೋಪ ಇಳಿದದ್ದು ಆ ಗಿಡ ಹೂ ಬಿಟ್ಟ ಮೇಲೆ.

ಉಳಿದರ್ಧ ಕೋಪಕ್ಕೆ ನ್ಯಾಯವಾದ ಕಾರಣವಿತ್ತು. "ಹುಳ ತಿನ್ನೋ ಪ್ರಾಣಿಗೆ ಇಷ್ಟು ಖರ್ಚು ಮಾಡೋದು ಸರಿಯಾ? ಕೂಲಿ ಇಲ್ಲದ ಮನೆಗಳು ನಮ್ಮ ಬೀದಿಯಲ್ಲೇ ಇಲ್ಲವೇ?" ಎಂದು ಅವರು ಕೇಳಿದರು. ಧರ್ಮಸಭೆಯ ಬೋಧನೆಯೂ ಇದನ್ನೇ ಎತ್ತಿ ಹೇಳುತ್ತದೆ. ಪ್ರಾಣಿಗಳಿಗೆ ದಯೆ ತೋರುವುದು ನಮ್ಮ ಕರ್ತವ್ಯ, ಅನಗತ್ಯವಾಗಿ ಅವುಗಳನ್ನು ನರಳಿಸುವುದು ಮನುಷ್ಯನ ಘನತೆಗೆ ಕುಂದು. ಆದರೆ ಕಷ್ಟದಲ್ಲಿರುವ ಮನುಷ್ಯರಿಗೆ ಸಲ್ಲಬೇಕಾದ ಹಣವನ್ನು ಪ್ರಾಣಿಗಳ ಮೇಲೆ ಸುರಿಯುವುದೂ ತರವಲ್ಲ. ಹಾಗಾಗಿ ನಾವು ಮಿತಿ ಹಾಕಿಕೊಂಡೆವು. ತೊಟ್ಟಿ ಬೇರೆಯವರು ಬಳಸಿದ್ದು, ಅಲಂಕಾರದ ಸಾಮಾನು ಒಂದೂ ಇಲ್ಲ, ಇನ್ನೊಂದು ಪ್ರಾಣಿ ಕೊಳ್ಳುವುದಿಲ್ಲ.

ಮಗಳಿಗೆ ಕಷ್ಟವಾದದ್ದು ಬೇರೆ. ಗುಲಾಬಿಯನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಬೇಕೆಂದು ಅವಳ ಆಸೆ. ಇದರ ಚರ್ಮ ಬಹಳ ಮೃದು, ಒಳಗಿನ ಎಲುಬುಗಳಲ್ಲಿ ಹೆಚ್ಚಿನ ಭಾಗ ಇನ್ನೂ ಮೆದುವಾದದ್ದು. ನಮ್ಮ ಕೈಯ ಬಿಸಿಯೂ ಅದಕ್ಕೆ ಹಿಂಸೆ. ಸಾಗಿಸಬೇಕಾದರೆ ಬಲೆಯಲ್ಲಿ ಎತ್ತದೆ ಡಬ್ಬಿಯಲ್ಲಿ ನೀರಿನ ಸಮೇತ ತೆಗೆದುಕೊಳ್ಳಬೇಕು. "ಮುಟ್ಟದಿದ್ದರೆ ಅದಕ್ಕೆ ನಾನು ಪ್ರೀತಿ ಮಾಡ್ತೀನಿ ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾ?" ಎಂದು ಕೇಳಿದಳು. ಅದಕ್ಕೆ ಗೊತ್ತಾಗುವುದಿಲ್ಲ. ನೀರು ಚೊಕ್ಕವಾಗಿದ್ದರೆ ಅದು ಚೆನ್ನಾಗಿರುತ್ತದೆ, ಅಷ್ಟೆ. ನಮಗೆ ಏನೂ ಮರಳಿ ಬಾರದ ಪ್ರೀತಿ ಎಂದರೇನೆಂದು ಹನ್ನೊಂದು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ನಮಗೆ ತಿಳಿಯಲಿಲ್ಲ.

ಕಾಸರಗೋಡಿನ ನೆಂಟರು ಬೇಸಿಗೆ ರಜೆಗೆ ಬಂದಾಗ ಅವರ ಮಗನೂ ಹಟ ಹಿಡಿದ. "ಮಾಮಾ, ನಮ್ಮನೆಗೂ ಒಂದು ತರೋಣ," ಎಂದ. ಕರಾವಳಿಯಲ್ಲಿ ಬಕೆಟಿನ ನೀರೇ 28 ಡಿಗ್ರಿ ದಾಟುತ್ತದೆ. 22ಕ್ಕಿಂತ ಮೇಲೆ ಹೆಚ್ಚು ದಿನ ಇದ್ದರೆ ಈ ಪ್ರಾಣಿ ಅನ್ನ ಬಿಡುತ್ತದೆ, ಬಾಲದ ತುದಿ ಸುರುಳಿಯಾಗುತ್ತದೆ, ಮೈಮೇಲೆ ಹತ್ತಿಯಂತೆ ಬೂಷ್ಟು ಕಟ್ಟುತ್ತದೆ. ಹಗಲಿರುಳು ನೀರು ತಂಪು ಮಾಡುವ ಯಂತ್ರ ಓಡಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. "ಬೇಡಪ್ಪಾ" ಎಂದು ನೇರವಾಗಿ ಹೇಳಿದೆವು. ಹುಡುಗ ಮುನಿಸಿಕೊಂಡ. ಆದರೂ ಇದನ್ನು ಓದುವ ಕರಾವಳಿಯ, ಬಯಲುಸೀಮೆಯ ಕುಟುಂಬಗಳಿಗೂ ನಮ್ಮ ಮಾತು ಅದೇ.

ನಿಜವಾದ ಪರೀಕ್ಷೆ ಬಂದದ್ದು 2023ರ ಚಳಿಗಾಲದಲ್ಲಿ. ಅಷ್ಟರಲ್ಲಿ ಎರಡೂ ಬೆಳೆದಿದ್ದವು, ಜಾಲರಿ ತೆಗೆದಿದ್ದೆವು. ಒಂದು ಬೆಳಿಗ್ಗೆ ಕುಂಡದ ಮೇಲೆ, ಗಿಡದ ಎಲೆಗಳ ಮೇಲೆ ಲೋಳೆಯ ನೂರಾರು ಮಣಿಗಳು. ಗುಲಾಬಿ ಗಂಡು, ಕರಿಯ ಹೆಣ್ಣು! ನಕ್ಕು ಮುಗಿಯುವ ಮೊದಲೇ ಚಿಂತೆ ಹತ್ತಿತು. ಒಂದು ಸಲಕ್ಕೆ ನೂರರಿಂದ ಸಾವಿರದವರೆಗೆ ಮೊಟ್ಟೆ ಇಡುವ ಪ್ರಾಣಿ ಇದು. ಎರಡು ಮೂರು ವಾರದಲ್ಲಿ ಒಡೆದು ಬರುವ ಮರಿಗಳಿಗೆ ದಿನವೂ ಜೀವಂತ ಸಣ್ಣ ಸೀಗಡಿಮರಿಗಳನ್ನು ಕೊಡಬೇಕು. ಇಲ್ಲದಿದ್ದರೆ ಒಂದನ್ನೊಂದು ತಿನ್ನುತ್ತವೆ. ತಿಳಿದವರು ಹೇಳಿದ್ದು ಒಂದೇ ಮಾತು: ಒಳಗೆ ಜೀವ ರೂಪುಗೊಳ್ಳುವ ಮೊದಲೇ ಮೊಟ್ಟೆಗಳನ್ನು ಫ್ರೀಜರಿನಲ್ಲಿಡಿ.

ಅಜ್ಜಿ ಒಪ್ಪಲಿಲ್ಲ. "ಕೊಲ್ಲೋದು ಪಾಪ. ಕೆಳಗಿನ ತೊರೆಗೆ ಬಿಟ್ಟುಬಿಡಿ, ದೇವರು ನೋಡಿಕೊಳ್ತಾರೆ," ಎಂದರು. ನೆರೆಯವರೂ ಅದನ್ನೇ ಹೇಳಿದರು. ಆ ರಾತ್ರಿ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಮಾತಾಡಿದೆವು. ತೊರೆಗೆ ಬಿಡುವುದು ಕರುಣೆಯಂತೆ ಕಾಣುತ್ತದೆ. ಆದರೆ ನೀಲಗಿರಿಯ ಶೋಲಾ ಕಾಡಿನ ತೊರೆಗಳಲ್ಲಿ ಪಶ್ಚಿಮಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಕಪ್ಪೆಗಳಿವೆ. ಹೊರಗಿನ ಪ್ರಾಣಿ ಅವುಗಳ ಮರಿಗಳನ್ನು ತಿನ್ನಬಹುದು, ರೋಗ ಹರಡಬಹುದು. ಬ್ರಿಟಿಷರ ಕಾಲದಲ್ಲಿ ಸೌದೆಗೆಂದು ಆಸ್ಟ್ರೇಲಿಯದಿಂದ ತಂದು ನೆಟ್ಟ ವ್ಯಾಟಲ್ ಮರ ನಮ್ಮ ಹುಲ್ಲುಗಾವಲುಗಳನ್ನು ಹೇಗೆ ನುಂಗಿತೆಂದು ನಾವೇ ಕಾಣುತ್ತಿದ್ದೇವೆ.

ಆಕ್ಸಲಾಟಲಿನ ತವರಿನ ಕಥೆಯೂ ಅದೇ. ಸೊಚಿಮಿಲ್ಕೊದ ಕಾಲುವೆಗಳಿಗೆ ಜನರ ಹೊಟ್ಟೆ ತುಂಬಲೆಂದು ಕಾರ್ಪ್, ತಿಲಾಪಿಯ ಮೀನುಗಳನ್ನು ಬಿಟ್ಟರು. ಉದ್ದೇಶ ಒಳ್ಳೆಯದೇ. ಆ ಮೀನುಗಳು ಆಕ್ಸಲಾಟಲಿನ ಮೊಟ್ಟೆ ಮರಿಗಳನ್ನು ತಿಂದವು. ನಗರದ ಕೊಳಕು ನೀರು ಉಳಿದದ್ದನ್ನು ಮುಗಿಸಿತು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದದ್ದು 2014ರ ಎಣಿಕೆಯಲ್ಲಿ 36ಕ್ಕೆ ಇಳಿದಿತ್ತು. ಲೋಕದ ಗಾಜಿನ ತೊಟ್ಟಿಗಳಲ್ಲೆಲ್ಲ ಇರುವ ಪ್ರಾಣಿ ತನ್ನ ಸ್ವಂತ ಮನೆಯಲ್ಲಿ ಇಲ್ಲವಾಗುತ್ತಿದೆ.

ಇದನ್ನೆಲ್ಲ ಕೇಳಿ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾಳೆಯೇ ಮಾಡಿಬಿಡಿ, ತಡ ಮಾಡಬೇಡಿ," ಎಂದರು. ಮರುದಿನ ಮೊಟ್ಟೆಗಳನ್ನು ತೆಗೆದೆವು. ಮಗಳು ಅತ್ತಳು, ನಾವು ತಡೆಯಲಿಲ್ಲ. ಆ ವಾರವೇ ಎರಡನೆಯ ತೊಟ್ಟಿ ಸಿದ್ಧಪಡಿಸಿ, ಹಳೆಯ ಸ್ಪಂಜಿನ ಹೆಪ್ಪು ಹಾಕಿ, ಎರಡನ್ನೂ ಬೇರೆ ಮಾಡಿದೆವು. ಮೇಲಿಂದ ಮೇಲೆ ಮೊಟ್ಟೆಯಿಟ್ಟರೆ ಹೆಣ್ಣು ಬಡವಾಗುತ್ತದೆ.

ಮಗಳನ್ನು ಸಮಾಧಾನಪಡಿಸಲು ನಾವು ಹೇಳಿದ್ದು ಮೆಕ್ಸಿಕೊ ದೇಶದ ಪಾಟ್ಸ್‌ಕ್ವಾರೊ ಪಟ್ಟಣದ ದೊಮಿನಿಕನ್ ಕನ್ಯಾಸ್ತ್ರೀಯರ ವಿಷಯ. ಅಲ್ಲಿನ ಸರೋವರದಲ್ಲಿ ಆಕ್ಸಲಾಟಲಿನ ಹತ್ತಿರದ ಬಂಧುವಾದ ಅಚೋಕೆ ಎಂಬ ಪ್ರಾಣಿ ಇದೆ. ಸ್ಥಳೀಯರ ಹಳೆಯ ತಿಳಿವಳಿಕೆಯಂತೆ ಅದರಿಂದ ಕೆಮ್ಮಿನ ಔಷಧಿ ಮಾಡಿ ಮಾರುವುದು ಆ ಮಠದ ಜೀವನೋಪಾಯಗಳಲ್ಲಿ ಒಂದು. 1980ರ ದಶಕದಲ್ಲಿ ಸರೋವರದಲ್ಲಿ ಅಚೋಕೆ ಕಡಿಮೆಯಾಗುತ್ತ ಬಂದಾಗ ಅವರು ಮಠದೊಳಗೇ ತೊಟ್ಟಿಗಳನ್ನಿಟ್ಟು ಸಾಕಲು ಕಲಿತರು. ಪ್ರಾರ್ಥನೆಯ ನಡುವೆ ನೀರು ಬದಲಿಸುವುದು, ಹುಳು ಕೊಡುವುದು ಅವರ ದಿನಚರಿ. ಇಂದು ಆ ಪ್ರಾಣಿ ಅಳಿವಿನ ಅಂಚಿನಲ್ಲಿದೆ. ಇಂಗ್ಲೆಂಡಿನ ಚೆಸ್ಟರ್ ಮೃಗಾಲಯದ ತಜ್ಞರೂ ಸಹ ಆ ಸಹೋದರಿಯರ ಜೊತೆ ಕೈಜೋಡಿಸಿದ್ದಾರೆ. ಸೊಚಿಮಿಲ್ಕೊದಲ್ಲೂ ವಿಜ್ಞಾನಿಗಳು ರೈತರೊಂದಿಗೆ ಸೇರಿ, ಮೀನುಗಳು ಒಳನುಗ್ಗದಂತೆ ಕಾಲುವೆಗಳಿಗೆ ತಡೆ ಹಾಕಿ ಆಸರೆ ತಾಣಗಳನ್ನು ಮಾಡಿದ್ದಾರೆ. ಸಾಕಿ ಬೆಳೆಸಿದ 18 ಆಕ್ಸಲಾಟಲ್‌ಗಳನ್ನು ಸಿದ್ಧಪಡಿಸಿದ ನೀರಿಗೆ ಬಿಟ್ಟಾಗ, ಗಮನಿಸಿದ ಅವಧಿಯಲ್ಲಿ ಅಷ್ಟೂ ಬದುಕಿದ್ದವೆಂದು 2025ರಲ್ಲಿ ವರದಿಯಾಯಿತು. ಬಿಡುವುದೆಂದರೆ ಹಾಗೆ: ಮೊದಲು ನೀರು, ಆಮೇಲೆ ಪ್ರಾಣಿ.

ಕಾನೂನಿನ ಮಾತೂ ಒಂದಿದೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಇಂಥ ವಿದೇಶಿ ಪ್ರಾಣಿಯನ್ನು ಸಾಕುವವರು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದವರು 30 ದಿನಗಳೊಳಗೆ. ನಾವು ಗುಲಾಬಿಯನ್ನೂ ಕರಿಯನನ್ನೂ ನೋಂದಾಯಿಸಿದ್ದೇವೆ.

ಚೆನ್ನಾಗಿ ನೋಡಿಕೊಂಡರೆ ಈ ಪ್ರಾಣಿ ಹತ್ತು ಹದಿನೈದು ವರ್ಷ ಬದುಕುತ್ತದೆ. ಮಗಳು ಕಾಲೇಜಿಗೆಂದು ಊರು ಬಿಡುವಾಗಲೂ ಇವು ಇರುತ್ತವೆ. ಆಗ ಬಕೆಟ್ ಹೊರುವವರು ನಾವೇ. ಹುಟ್ಟುಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಮಕ್ಕಳಿಗೆ ಪ್ರಾಣಿ ಕೊಡಿಸುವ ಪ್ರಿಯ ತಂದೆತಾಯಿಗಳೇ, ಅಷ್ಟು ವರ್ಷದ ಲೆಕ್ಕ ಹಾಕಿಯೇ ಹೆಜ್ಜೆಯಿಡಿ. ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಕಾಯಲೆಂದೇ ಹೊರತು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತರಲೆಂದಲ್ಲ. ಕಾಯಲು ಆಗದ್ದನ್ನು ತಾರದಿರುವುದೂ ಒಂದು ಕಾವಲೇ.