ಕಾಣದಾದ ದಾಖಲಾತಿ ಪುಸ್ತಕ

ಅಜ್ಜಂಪುರದ ಸೀಮೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಬೋಧಿಸುವ ಅಧ್ಯಾಪಕರೊಬ್ಬರು, ಯಾರ ಆಜ್ಞೆಯೂ ಇಲ್ಲದೆ ಒಂದು ಕಾರ್ಯವನ್ನು ಕೈಗೆತ್ತಿಕೊಂಡಿದ್ದರು. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಹಾಳೆಗಳು ಗೆದ್ದಲಿಗೂ ತೇವಕ್ಕೂ ಸಿಕ್ಕಿ ಉದುರತೊಡಗಿದ್ದವು. ಜನ್ಮದಿನಾಂಕದ ದೃಢೀಕರಣ ಬೇಡಿ ಬರುವ ಹಳೆಯ ವಿದ್ಯಾರ್ಥಿಗಳನ್ನು ಬರಿಗೈಯಲ್ಲಿ ಹಿಂದಿರುಗಿಸುವುದು ಅವರಿಗೆ ಸಂಕಟದ ಸಂಗತಿಯಾಗಿತ್ತು. ಆದಕಾರಣ ಎರಡು ಬೇಸಿಗೆ ರಜೆಗಳನ್ನು ವ್ಯಯಿಸಿ, ಹೆಸರು, ತಂದೆಯ ಹೆಸರು, ಊರು, ಜನ್ಮದಿನಾಂಕಗಳನ್ನೆಲ್ಲ, ದಾನಿಯೊಬ್ಬರು 2022ರಲ್ಲಿ ಶಾಲೆಗೆ ನೀಡಿದ್ದ ಲ್ಯಾಪ್‌ಟಾಪಿನಲ್ಲಿ ತುಂಬಿದರು. ಮತ್ತೊಂದು ಪ್ರತಿ ತೆಗೆದಿರಿಸಬೇಕೆಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಗಣಿತದ ಮೇಷ್ಟರಿಗೂ ಇಂಥ ಲೆಕ್ಕ ತಪ್ಪುವುದುಂಟು.

2024ರ ಮಳೆಗಾಲದ ಒಂದು ಬೆಳಿಗ್ಗೆ ಆ ಯಂತ್ರದಲ್ಲಿ ವಿಂಡೋಸ್ ತೆರೆಯದಾಯಿತು. ಕಡೂರಿನ ದುರಸ್ತಿ ಅಂಗಡಿಯ ಯುವಕನು ಪೆನ್‌ಡ್ರೈವಿನಿಂದ ಅದನ್ನು ಹೊಸದಾಗಿ ಸ್ಥಾಪಿಸಲು ತೊಡಗಿದಾಗ, ಡಿಸ್ಕುಗಳ ಪಟ್ಟಿಯಿರಬೇಕಾದ ಸ್ಥಳ ಬರಿದಾಗಿತ್ತು. ಯಾವ ಡ್ರೈವೂ ಸಿಗಲಿಲ್ಲವೆಂದು ಪರದೆ ಸಾರಿತು. "ಡಿಸ್ಕು ಸತ್ತಿದೆ, ಹೊಸದು ಹಾಕಿಸಿ" ಎಂಬ ತೀರ್ಪೂ ಬಂತು. ಆ ರಾತ್ರಿ ಅಧ್ಯಾಪಕರು ಊಟಕ್ಕೇಳಲಿಲ್ಲ.

ಮರುದಿನ ಅವರು ತರೀಕೆರೆಗೆ ಹೋದರು. ಅವರ ಶಿಷ್ಯನೊಬ್ಬ ಅಲ್ಲಿ ಇಪ್ಪತ್ತು ವರ್ಷಗಳಿಂದ ಗಣಕಯಂತ್ರಗಳ ದುರಸ್ತಿ ಮಾಡಿಕೊಂಡಿದ್ದಾನೆ. ಅವನು ಪೆನ್‌ಡ್ರೈವನ್ನು ಮುಟ್ಟುವ ಮೊದಲು, ಯಂತ್ರದ ಮೂಲ ವ್ಯವಸ್ಥೆಯಾದ ಬಯೋಸನ್ನು ತೆರೆದು ನೋಡಿದನು. ಡಿಸ್ಕಿನ ಹೆಸರು ಅಲ್ಲಿ ಸ್ಪಷ್ಟವಾಗಿತ್ತು. "ಡಿಸ್ಕು ಬದುಕಿದೆ ಮೇಷ್ಟ್ರೇ, ಅದನ್ನು ಕಾಣುವ ಕಣ್ಣು ಈ ಪೆನ್‌ಡ್ರೈವಿಗೆ ಇಲ್ಲ" ಎಂದನು.

ವಿಂಡೋಸನ್ನು ಸ್ಥಾಪಿಸುವ ಕಾರ್ಯಕ್ರಮವೂ ಒಂದು ಪುಟ್ಟ ಕಾರ್ಯಾಚರಣ ವ್ಯವಸ್ಥೆಯೇ. ಡಿಸ್ಕಿನೊಡನೆ ವ್ಯವಹರಿಸಲು ಬೇಕಾದ ಡ್ರೈವರ್ ಎಂಬ ಕಿರು ತಂತ್ರಾಂಶ ಅದರೊಳಗೆ ಇಲ್ಲದಿದ್ದರೆ, ಆ ಡಿಸ್ಕು ಅದರ ಪಾಲಿಗೆ ಇಲ್ಲವೇ ಇಲ್ಲ. 2020ರಲ್ಲಿ ಬಂದ ಇಂಟೆಲ್‌ನ 11ನೆಯ ತಲೆಮಾರಿನ ಸಂಸ್ಕಾರಕಗಳಿಂದೀಚೆಗೆ ಅನೇಕ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ವಿಎಂಡಿ ಎಂಬ ನಿಯಂತ್ರಕದ ಹಿಂದೆ ನಿಂತಿರುತ್ತದೆ. ಆ ಪೆನ್‌ಡ್ರೈವಿನ ಪ್ರತಿಯಲ್ಲಿ ಅದರ ಡ್ರೈವರ್ ಇರಲಿಲ್ಲ. ಬೀರೂರು ಜಂಕ್ಷನ್ನಿನಲ್ಲಿ ಪಾಯಿಂಟು ತಿರುಗಿಸದಿದ್ದರೆ ಶಿವಮೊಗ್ಗದ ಗಾಡಿ ಅಜ್ಜಂಪುರದ ಹಳಿಯನ್ನೇ ಹಿಡಿದೀತು. ಅಷ್ಟರಿಂದ ತರೀಕೆರೆಯೆಂಬ ಊರೇ ಇಲ್ಲವೆಂದು ಯಾರೂ ಹೇಳುವುದಿಲ್ಲ.

ಶಿಷ್ಯನಿಗೆ ಇದು ಹಳೆಯ ಪರಿಚಯ. 2001ರ ವಿಂಡೋಸ್ ಎಕ್ಸ್‌ಪಿಯು ತನ್ನ ನಂತರ ಬಂದ ಸಾಟಾ ನಿಯಂತ್ರಕಗಳನ್ನು ಅರಿಯದೆ, 7ಬಿ ಎಂಬ ದೋಷಸಂಖ್ಯೆಯ ನೀಲಿ ಪರದೆ ತೋರಿಸಿ ನಿಲ್ಲುತ್ತಿತ್ತು. ಆಗ ಎಫ್6 ಕೀಲಿಯನ್ನೊತ್ತಿ ಫ್ಲಾಪಿಯಿಂದ ಡ್ರೈವರ್ ಉಣಿಸಬೇಕಿತ್ತು, ಅದೂ ಫ್ಲಾಪಿಗಳೇ ಮರೆಯಾಗುತ್ತಿದ್ದ ಕಾಲದಲ್ಲಿ!

ಅವನು ಬೇರೊಂದು ಗಣಕದಲ್ಲಿ ತಯಾರಕರ ತಾಣದಿಂದ ಡ್ರೈವರನ್ನು ಇಳಿಸಿಕೊಂಡನು. ಅದು ಒಂದೇ ಕಟ್ಟಾಗಿ ಬರುತ್ತದೆ. ಬಿಚ್ಚದೆ ಹಾಗೆಯೇ ಪೆನ್‌ಡ್ರೈವಿಗೆ ಹಾಕಿದರೆ ಪ್ರಯೋಜನವಿಲ್ಲ. ಬಿಚ್ಚಿ, ಐಎನ್‌ಎಫ್ ಕಡತಗಳಿರುವ ಕಡತಕೋಶವನ್ನು ಇಟ್ಟು, 'ಲೋಡ್ ಡ್ರೈವರ್' ಒತ್ತಿ ತೋರಿಸಿದೊಡನೆ ಡಿಸ್ಕು ತನ್ನ ವಿಭಾಗಗಳೊಡನೆ ಪರದೆಗೆ ಬಂತು. ಬಯೋಸಿನಲ್ಲಿ ವಿಎಂಡಿಯನ್ನೇ ಆರಿಸಿಬಿಡುವ ಮಾರ್ಗವೂ ಇತ್ತು. ಆದರೆ ಒಳಗಿರುವ ಹಳೆಯ ವಿಂಡೋಸ್ ಅದರಿಂದ ಇನ್ನಷ್ಟು ಕೆಡಬಹುದೆಂದು ಅವನು ಅದನ್ನು ಬಿಟ್ಟನು.

ಇಲ್ಲಿ ಅವನು ತೋರಿದ ತಾಳ್ಮೆಯೇ ಮುಖ್ಯ. ಅವಸರದ ಕೈ ಅಲ್ಲಿಯೇ ಫಾರ್ಮ್ಯಾಟ್ ಒತ್ತಿ, ಎರಡು ಬೇಸಿಗೆಗಳ ದುಡಿಮೆಯನ್ನು ಅಳಿಸಿಬಿಡುತ್ತಿತ್ತು. ಶಿಫ್ಟ್ ಮತ್ತು ಎಫ್10 ಒತ್ತಿ ಆದೇಶದ ಕಿಟಕಿ ತೆರೆದು, ನೋಟ್‌ಪ್ಯಾಡನ್ನು ಕರೆದು, ಅದರ 'ಓಪನ್' ಕಿಟಕಿಯ ಮೂಲಕವೇ ದಾಖಲಾತಿಯ ಕಡತಗಳನ್ನು ಬೇರೊಂದು ಪೆನ್‌ಡ್ರೈವಿಗೆ ನಕಲಿಸಿದನು. ಡಿಸ್ಕು ಬಿಟ್‌ಲಾಕರಿನಿಂದ ಗೂಢಲಿಪೀಕರಣಗೊಂಡಿರಲಿಲ್ಲವೆಂಬುದು ಭಾಗ್ಯ. ಆಗಿದ್ದರೆ 48 ಅಂಕಿಗಳ ಮರುಪ್ರಾಪ್ತಿ ಕೀಲಿಯಿಲ್ಲದೆ ಏನೂ ನಡೆಯುತ್ತಿರಲಿಲ್ಲ. ಹೊಸ ವಿಂಡೋಸ್ ಸ್ಥಾಪನೆಗೆ ಕೈಹಾಕಿದ್ದು ಅನಂತರವೇ.

ಶಿಷ್ಯನು ಹಣ ಮುಟ್ಟಲಿಲ್ಲ. ತನ್ನ ಹೆಸರಿರುವ ಸಾಲನ್ನು ಒಮ್ಮೆ ತೋರಿಸಬೇಕೆಂದಷ್ಟೇ ಕೇಳಿದನು. ಹುಡುಕಿ ತೆರೆದಾಗ ಅವನ ಊರಿನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಅಧ್ಯಾಪಕರು ಕನ್ನಡಕ ಸರಿಪಡಿಸಿಕೊಂಡು ಅಲ್ಲಿಯೇ ಅದನ್ನು ತಿದ್ದಿದರು.