ಮೊಮ್ಮಗಳ ವಕೀಲಿ ವಿದ್ಯೆ

ನಮ್ಮ ಕುಂದಾಪುರದ ಕಡೆ ನಾನು ಚಿಕ್ಕವನಿದ್ದಾಗ ವಕೀಲರೆಂದರೆ ಎರಡೇ ಬಗೆ. ಗದ್ದೆಯ ವ್ಯಾಜ್ಯ ನಡೆಸುವವರು ಒಬ್ಬರು, ಹೊಡೆದಾಟದ ಕೇಸು ನಡೆಸುವವರು ಇನ್ನೊಬ್ಬರು. ಮುಂಬಯಿಗೆ ಬಂದ ಮೇಲೆ ಮೂರನೆಯ ಬಗೆಯವರನ್ನೂ ಕಂಡೆ. ಅವರು ದೊಡ್ಡ ಕಂಪೆನಿಗಳ ಕಾಗದಪತ್ರ ನೋಡುವವರು. ಕೋರ್ಟಿನ ಮೆಟ್ಟಿಲು ಹತ್ತದೆಯೇ ಮನೆ, ಕಾರು ಎಲ್ಲ ಮಾಡಿಕೊಂಡವರು. ಐದು ವರ್ಷದ ಲಾ ಕೋರ್ಸಿಗೆ ಸೇರಿದ ನಮ್ಮ ಮೊಮ್ಮಗಳು ಪುಟ್ಟಿ ಈ ಮೂರನೆಯ ಗುಂಪಿಗೆ ಸೇರುತ್ತಾಳೆಂದೇ ನಾವೆಲ್ಲ ತಿಳಿದಿದ್ದೆವು. 2024ರ ಮಳೆಗಾಲದಲ್ಲಿ ಅವಳು ನಾಲ್ಕನೆಯ ವರ್ಷಕ್ಕೆ ಕಾಲಿಟ್ಟಾಗ ಒಂದು ರಾತ್ರಿ ಊಟಕ್ಕೆ ಕುಳಿತಲ್ಲಿ, "ನಾನು ಆರೋಗ್ಯದ ಕಾನೂನು ತಗೊಳ್ತೇನೆ" ಎಂದಳು.

ಅವಳಪ್ಪನ ಕೈಯ ತುತ್ತು ಅರ್ಧದಲ್ಲೇ ನಿಂತಿತು. "ಅಂದರೆ? ಸತ್ತವರ ಮನೆಯವರನ್ನು ಕರೆದು ಡಾಕ್ಟರ ಮೇಲೆ ಕೇಸು ಹಾಕಿಸುವುದಾ?" ಎಂದ. ನಾನು ಬಾಯಿ ಬಿಡಲಿಲ್ಲ. ಆದರೆ ಮನಸ್ಸಿನಲ್ಲಿ ನಾನೂ ಮಗನ ಕಡೆಯೇ. 'ವೈದ್ಯೋ ನಾರಾಯಣೋ ಹರಿಃ' ಎಂದು ನಂಬಿ ಬೆಳೆದವ ನಾನು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆಯನ್ನೂ ಕೇಳಿ ಬೆಳೆದವ. ಎರಡನ್ನೂ ಒಟ್ಟು ಸೇರಿಸಿದ ಈ ವಿದ್ಯೆ ಹುಡುಗಿಗೆ ಯಾಕೆ ಬೇಕಿತ್ತು ಎಂದು ಯೋಚಿಸುತ್ತಾ ಮಜ್ಜಿಗೆ ಕುಡಿದು ಎದ್ದೆ.

ನನ್ನ ವಿಷಯವನ್ನು ಒಂದಿಷ್ಟು ಹೇಳಬೇಕು. 1965ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಈ ನಗರಕ್ಕೆ ಬಂದೆ. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಕೋಟೆಯ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, 1974ರಲ್ಲಿ ಬ್ಯಾಂಕಿನ ಗುಮಾಸ್ತನಾದೆ. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಕಥೆ ಇದೇ ಆದ್ದರಿಂದ ಬೆಳೆಸುವುದಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ 37 ವರ್ಷ ಕುಳಿತು ಸಾವಿರಾರು ಜನರಿಗೆ ನಾನು ಹೇಳಿದ ಬುದ್ಧಿಮಾತು ಒಂದೇ: "ಓದದೆ ಸಹಿ ಹಾಕಬೇಡಿ."

ಆ ಮಾತನ್ನು ನಾನೇ ಮುರಿದದ್ದು 2009ರಲ್ಲಿ. ನನ್ನಾಕೆಗೆ ಪಿತ್ತಕೋಶದಲ್ಲಿ ಕಲ್ಲು. ಮನೆಗೆ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಸಣ್ಣ ಆಪರೇಷನ್, ಮೂರು ದಿನದಲ್ಲಿ ಮನೆ ಎಂದರು. ಬೆಳಿಗ್ಗೆ ಕೌಂಟರಿನ ಹುಡುಗ ನನ್ನ ಮುಂದೆ ನಾಲ್ಕು ಕಾಗದ ಹಿಡಿದು, "ಅಂಕಲ್, ಇಲ್ಲಿ, ಇಲ್ಲಿ, ಇಲ್ಲಿ. ಬೇಗ ಮಾಡಿ, ಥಿಯೇಟರಿನಲ್ಲಿ ಡಾಕ್ಟರು ಕಾಯ್ತಿದ್ದಾರೆ" ಎಂದ. ಹಾಕಿದೆ. ಎರಡು ಕಾಗದಗಳಲ್ಲಿ ಮೇಲಿನ ಜಾಗ ಖಾಲಿಯೇ ಇತ್ತು. ಕೀಹೋಲ್ ಎಂದದ್ದು ಹೊಟ್ಟೆ ಕೊಯ್ಯುವ ಆಪರೇಷನ್ ಆಯಿತು, ನಂಜಾಯಿತು, ಐ.ಸಿ.ಯು. ಆಯಿತು. ಹತ್ತೊಂಬತ್ತನೆಯ ದಿನ ಅವಳು ಹೋದಳು.

ಆಮೇಲೆ ಕೇಸ್ ಪೇಪರ್ ಕೇಳಲು ನಾಲ್ಕು ಸಲ ಹೋದೆ. ದೂರು ಕೊಡುವ ಉದ್ದೇಶ ನನಗಿರಲಿಲ್ಲ. ಏನಾಯಿತೆಂದು ತಿಳಿಯಬೇಕಿತ್ತು ಅಷ್ಟೇ. ಒಮ್ಮೆ ಡಾಕ್ಟರಿಲ್ಲ, ಒಮ್ಮೆ ಕ್ಲಾರ್ಕಿಲ್ಲ, ಒಮ್ಮೆ ಬೀಗದ ಕೈ ಇಲ್ಲ. ಐದನೆಯ ಸಲ ಹೋಗಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಪುಟ್ಟಿಗೆ ಆಗ ಆರು ವರ್ಷ.

ಹೀಗಿರುವಾಗ ಅವಳ ಹೊಸ ಪಾಠ ಆರಂಭವಾಯಿತು. ದಪ್ಪ ದಪ್ಪ ಕಾಯಿದೆ ಪುಸ್ತಕಗಳನ್ನು ಬಾಯಿಪಾಠ ಮಾಡುವುದೆಂದು ನಾನು ತಿಳಿದಿದ್ದೆ. ಹಾಗಿರಲಿಲ್ಲ. ಮೊದಲ ತಿಂಗಳಲ್ಲೇ ಅವರ ಅಧ್ಯಾಪಕಿ ಮಕ್ಕಳನ್ನು ಒಂದು ಸಾರ್ವಜನಿಕ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಇಡೀ ದಿನ ಕೂರಿಸಿದರಂತೆ. ಮಾತನಾಡಬಾರದು, ನೋಡಬೇಕು: ಸಾಲಿನಲ್ಲಿ ಯಾರು ಎಷ್ಟು ಹೊತ್ತು ನಿಂತರು, ಡಾಕ್ಟರು ಒಬ್ಬೊಬ್ಬ ರೋಗಿಗೆ ಎಷ್ಟು ನಿಮಿಷ ಕೊಟ್ಟರು, ಔಷಧಿ ಚೀಟಿ ಹಿಡಿದವರು ಯಾವ ಕಿಟಕಿಯಿಂದ ಯಾವ ಕಿಟಕಿಗೆ ಅಲೆದರು. ಸಂಜೆ ಮನೆಗೆ ಬಂದ ಹುಡುಗಿ, "ಅಜ್ಜಯ್ಯ, ಆ ಡಾಕ್ಟರು ಬೆಳಗಿನಿಂದ ನೀರು ಸಹ ಕುಡಿಯಲಿಲ್ಲ" ಎಂದಳು. ಡಾಕ್ಟರ ಮೇಲೆ ಕೇಸು ಹಾಕಲು ಹೊರಟವಳ ಮಾತು ಇದಲ್ಲವಲ್ಲ ಎಂದು ನನಗೆ ಮೊದಲ ಬಾರಿ ಅನಿಸಿತು.

ಆಮೇಲೆ ಕೋರ್ಟಿನ ತೀರ್ಪುಗಳು ಬಂದವು. ಅವಳು ಓದಿ ಹೇಳುತ್ತಿದ್ದಳು, ನಾನು ಕಿವಿಗೊಡುತ್ತಿದ್ದೆ. 1992ರಲ್ಲಿ ಬಂಗಾಳದ ಹಕೀಮ್ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದರ ಮೇಲೊಂದು ಸರಕಾರಿ ಆಸ್ಪತ್ರೆಗೆ ಹೋದರೆ ಎಲ್ಲ ಕಡೆಯೂ ಹಾಸಿಗೆ ಇಲ್ಲ, ಯಂತ್ರ ಇಲ್ಲ ಎಂಬ ಉತ್ತರ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ತೆತ್ತು ಬದುಕಿದ. 1996ರಲ್ಲಿ ಸುಪ್ರೀಂ ಕೋರ್ಟು, ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಭಂಗ ಎಂದು ಹೇಳಿ 25,000 ರೂಪಾಯಿ ಪರಿಹಾರ ಕೊಡಿಸಿತು. ದಿನವೂ ಲೋಕಲ್ ಗಾಡಿಯ ಬಾಗಿಲಲ್ಲಿ ಜೋತು ಬಿದ್ದು ಹೋಗುವ ನಮ್ಮ ಊರಿನವರಿಗೆ ಈ ತೀರ್ಪಿನ ಬೆಲೆ ಬೇರೆ ಹೇಳಬೇಕೆ?

ಇನ್ನೊಂದು ಕಥೆ ನನಗೆ ಗೊತ್ತಿದ್ದದ್ದೇ. 1973ರ ನವೆಂಬರಿನಲ್ಲಿ ನಾನು ಪರೇಲಿನ ಹೋಟೆಲೊಂದರ ಮೇಲಿನ ಕೋಣೆಯಲ್ಲಿದ್ದೆ. ಕೆ.ಇ.ಎಂ. ಆಸ್ಪತ್ರೆಯ ದಾದಿ, ನಮ್ಮ ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ್ ಮೇಲೆ ಆಸ್ಪತ್ರೆಯ ಸಿಬ್ಬಂದಿಯೇ ಒಬ್ಬ ಎರಗಿದ ಸುದ್ದಿ ಆಗ ನಮ್ಮ ಪಡಸಾಲೆಯಲ್ಲೆಲ್ಲ ಹರಡಿತ್ತು. ಆಕೆ ಮತ್ತೆ ಏಳಲೇ ಇಲ್ಲ. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ, 41 ವರ್ಷಕ್ಕೂ ಮಿಕ್ಕಿ, ಅದೇ ಆಸ್ಪತ್ರೆಯ ದಾದಿಯರು ತಲೆಮಾರಿನಿಂದ ತಲೆಮಾರಿಗೆ ಆಕೆಯನ್ನು ನೋಡಿಕೊಂಡರು. ಆಕೆಯನ್ನು ಹೋಗಗೊಡಿ ಎಂದು ಲೇಖಕಿ ಪಿಂಕಿ ವಿರಾನಿ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2011ರಲ್ಲಿ ಒಪ್ಪಲಿಲ್ಲ. ಆದರೆ ಗುಣವಾಗುವ ಆಸೆ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸುವುದಕ್ಕೆ ಹೈಕೋರ್ಟಿನ ಅನುಮತಿಯೊಂದಿಗೆ ದಾರಿ ತೆರೆಯಿತು. ತನಗೆ ಅಂಥ ಸ್ಥಿತಿ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಬರೆದಿಡುವ ಹಕ್ಕು 2018ರಲ್ಲಿ ಬಂತು. 2023ರಲ್ಲಿ ಅದರ ಕ್ರಮವನ್ನು ಸುಲಭ ಮಾಡಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ ನೋಟರಿಯ ಅಥವಾ ಗೆಜೆಟೆಡ್ ಅಧಿಕಾರಿಯ ಮುದ್ರೆ ಪಡೆದರೆ ಸಾಕು ಎಂದರು. ಹಳದೀಪುರದ ಒಬ್ಬ ಹೆಣ್ಣುಮಗಳ ಸಂಕಟದಿಂದ ಇಡೀ ದೇಶದ ಕಾನೂನು ಇಷ್ಟು ದೂರ ನಡೆಯಿತು.

ಆ ವರ್ಷದ ದೀಪಾವಳಿಯ ರಜೆಯಲ್ಲಿ ಪುಟ್ಟಿಗೆ ಒಂದು ಅಭ್ಯಾಸ ಕೊಟ್ಟಿದ್ದರು. ಆಪರೇಷನ್ನಿನ ಒಂದು ಒಪ್ಪಿಗೆ ಪತ್ರವನ್ನು ಮನೆಯ ಹಿರಿಯರೊಬ್ಬರಿಗೆ, ಅವರ ಮಾತೃಭಾಷೆಯಲ್ಲಿ, ಹತ್ತು ನಿಮಿಷದಲ್ಲಿ ವಿವರಿಸಬೇಕು; ಅವರು ಎಷ್ಟು ಅರ್ಥ ಮಾಡಿಕೊಂಡರೆಂದು ಬರೆದು ತರಬೇಕು. ಮುಂದೆ ಆಸ್ಪತ್ರೆಗಳಿಗೆ ನಿಯಮ ಬರೆಯುವವರು ಇವರೇ ಆದ್ದರಿಂದ, ಬರೆದದ್ದು ಎದುರಿನವರಿಗೆ ತಲಪುತ್ತದೋ ಎಂದು ಈಗಲೇ ಕಲಿಯಲಿ ಎಂಬುದು ಅಧ್ಯಾಪಕಿಯ ಇಂಗಿತ. ಪುಟ್ಟಿ ನನ್ನ ಎದುರು ಚಾಪೆಯ ಮೇಲೆ ಕುಳಿತಳು. ಮುಂಬಯಿಯಲ್ಲಿ ಹುಟ್ಟಿದವಳು, ಮನೆಯ ಕನ್ನಡ ಬರುತ್ತದೆ, ಆಸ್ಪತ್ರೆಯ ಕನ್ನಡ ಬರುವುದಿಲ್ಲ. "ಅಜ್ಜಯ್ಯ, ನಿಮ್ಮ ಗಾಲ್ ಬ್ಲ್ಯಾಡರ್... ಅದಕ್ಕೆ ಕನ್ನಡದಲ್ಲಿ ಏನು?" ಎಂದು ಕೇಳಿದಳು.

"ಪಿತ್ತಕೋಶ" ಎಂದೆ. ಮುಂದೆ ನನಗೆ ಮಾತು ಹೊರಡಲಿಲ್ಲ.

ಅವಳಿಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಹಂಚಿದ ಕಾಗದಗಳಲ್ಲಿ ಅವಳ ಪಾಲಿಗೆ ಬಂದದ್ದು ಅದು, ಅಷ್ಟೇ. ಹದಿನೈದು ವರ್ಷ ಯಾರಿಗೂ ಹೇಳದ ಕಥೆಯನ್ನು ಅಂದು ಅವಳಿಗೆ ಹೇಳಿದೆ, ಖಾಲಿ ಕಾಗದದ ಸಹಿಯನ್ನೂ ಸೇರಿಸಿ. ಅವಳು ಅಳಲಿಲ್ಲ. ವಕೀಲರ ಹಾಗೆ ಒಂದೊಂದೇ ಕೇಳಿದಳು. "ಕೇಸ್ ಪೇಪರನ್ನು ಬರೆದು ಕೇಳಿದ್ರಾ?" ಇಲ್ಲ, ಬಾಯಲ್ಲಿ. "ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ನೀತಿ ನಿಯಮದಲ್ಲೇ ಇದೆ, ಅಜ್ಜಯ್ಯ." ನನಗೆ ಗೊತ್ತಿರಲಿಲ್ಲ. ಆ ಕಾಗದಗಳನ್ನು ಅವರು ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ, ಗ್ರಾಹಕ ನ್ಯಾಯಾಲಯಕ್ಕೆ ಹೋಗಲು ಇರುವ ಅವಧಿ ಎರಡು ವರ್ಷ. ಎರಡೂ ಎಂದೋ ಮುಗಿದಿದ್ದವು.

"ಹಾಗಾದರೆ ಡಾಕ್ಟರು ತಪ್ಪು ಮಾಡಿದ್ರಾ?" ಎಂದು ಕೇಳಿದೆ. ಹದಿನೈದು ವರ್ಷದಿಂದ ನನ್ನನ್ನು ಕೊರೆದ ಪ್ರಶ್ನೆ ಅದು. ಅವಳು ಹೂಂ ಎನ್ನಲಿಲ್ಲ. "ಗೊತ್ತಿಲ್ಲ ಅಜ್ಜಯ್ಯ. ಕೀಹೋಲಿನಲ್ಲಿ ಆಗದೆ ಹೊಟ್ಟೆ ತೆರೆಯಬೇಕಾಗಿ ಬರುವುದುಂಟು, ನಂಜು ಎಷ್ಟು ಜಾಗ್ರತೆ ಮಾಡಿದರೂ ಆಗುವುದುಂಟು. ರೋಗಿ ಉಳಿಯಲಿಲ್ಲ ಎಂದ ಮಾತ್ರಕ್ಕೆ ಅದು ನಿರ್ಲಕ್ಷ್ಯ ಆಗುವುದಿಲ್ಲ. ಕ್ರಿಮಿನಲ್ ಕೇಸಿಗಂತೂ ಘೋರ ನಿರ್ಲಕ್ಷ್ಯವೇ ಇರಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಪೇಪರ್ ಇದ್ದಿದ್ದರೆ ತಿಳಿಯುತ್ತಿತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದಳು: "ಆ ಹೊತ್ತಿಗೆ ಅಜ್ಜಿ ಎಲ್ಲಿದ್ದರು?"

"ನನ್ನ ಪಕ್ಕದಲ್ಲೇ, ಬೆಂಚಿನ ಮೇಲೆ."

"ಪ್ರಜ್ಞೆ ಇತ್ತಲ್ಲ? ಮತ್ತೆ ನೀವು ಯಾಕೆ ಸಹಿ ಹಾಕಿದ್ರಿ?"

ಈ ಪ್ರಶ್ನೆ ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಬೆಂಚಿನ ಮೇಲೆ ಸೆರಗು ಹೊದ್ದು ಕುಳಿತವಳು, ಈ ಮಾಸಿಕ ಬಂದ ದಿನ ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೆ ಓದುತ್ತಿದ್ದವಳು, ತನ್ನ ಹೊಟ್ಟೆಗೆ ಏನು ಮಾಡುತ್ತಾರೆಂದು ಯಾರೂ ಅವಳಿಗೆ ಹೇಳಲಿಲ್ಲ. ಹುಡುಗ ನನ್ನನ್ನು ಕೇಳಿದ, ನಾನು ಹಾಕಿದೆ. ಪ್ರಜ್ಞೆಯಿರುವ ಪ್ರಾಯಸ್ಥ ರೋಗಿಯ ಒಪ್ಪಿಗೆಯನ್ನು ರೋಗಿಯಿಂದಲೇ ಪಡೆಯಬೇಕು. ಏನು ಮಾಡುತ್ತೇವೆ, ಯಾಕೆ, ಬೇರೆ ದಾರಿ ಏನು, ಅಪಾಯ ಏನು ಎಂದು ತಿಳಿಸಿಯೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿಯವರ ಪ್ರಕರಣದಲ್ಲಿ ಹೇಳಿದ್ದು 2008ರ ಜನವರಿಯಲ್ಲಿ. ನಮ್ಮ ಆಪರೇಷನ್ನಿಗೆ ಒಂದು ವರ್ಷ ಮೊದಲು. ನರ್ಸಿಂಗ್ ಹೋಮಿನವರ ಮೇಲಿದ್ದ ನನ್ನ ಸಿಟ್ಟು ಪೂರ್ತಿ ಹೋಯಿತೆನ್ನಲಾರೆ. ಆದರೆ ಅದರ ಒಂದು ಪಾಲು ನನ್ನ ಕಡೆಗೂ ತಿರುಗಿತು. ಅವಳೇ ಕೇಳಿದ್ದರೆ ಒಪ್ಪುತ್ತಿದ್ದಳೋ, ಇನ್ನೊಬ್ಬ ಡಾಕ್ಟರನ್ನು ಕೇಳೋಣ ಎನ್ನುತ್ತಿದ್ದಳೋ, ನಾನು ತಿಳಿಯಲಾರೆ.

ಮರುದಿನ ಮಗನನ್ನು ಕೂರಿಸಿಕೊಂಡು, ಹುಡುಗಿ ಬೇಕಾದದ್ದನ್ನೇ ಓದಲಿ ಎಂದೆ. "ಓದಲಿ ಅಪ್ಪ, ಹೊಟ್ಟೆಪಾಡಿಗೆ?" ಎಂದ ಅವನು. ನ್ಯಾಯವಾದ ಪ್ರಶ್ನೆಯೇ, ಪುಟ್ಟಿಯೇ ಉತ್ತರ ಹೇಳಿದಳು. 1995ರಲ್ಲಿ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಗೆ ಒಳಪಡುತ್ತದೆಂದು ತೀರ್ಪಾದ ಮೇಲೆ ರೋಗಿಗಳ ಪರವಾಗಿಯೂ ಡಾಕ್ಟರ ಪರವಾಗಿಯೂ ವಾದಿಸುವವರು ಬೇಕು. ದೊಡ್ಡ ಆಸ್ಪತ್ರೆ, ವಿಮಾ ಕಂಪೆನಿ, ಔಷಧಿ ಕಂಪೆನಿಗಳಿಗೆ ಬೇಕು. ಹೊಸ ಔಷಧವನ್ನು ಜನರ ಮೇಲೆ ಪರೀಕ್ಷಿಸುವ ಮುಂಚೆ ಒಪ್ಪಿಗೆ ಕೊಡುವ ನೀತಿ ಸಮಿತಿಯಲ್ಲಿ ಕಾನೂನು ಬಲ್ಲವರೊಬ್ಬರು ಇರಲೇಬೇಕೆಂದು 2019ರ ನಿಯಮವಿದೆ. ಸರಕಾರಕ್ಕೆ ಕಾಯಿದೆಯ ಕರಡು ಬರೆಯುವವರು ಬೇಕು. ಇದೇ ಮುಂಬಯಿಯ ಪೇಟೆಂಟ್ ಕಛೇರಿಯಲ್ಲಿ 2012ರ ಮಾರ್ಚಿನಲ್ಲಿ ಬಂದ ಒಂದು ಆದೇಶದಿಂದ, ತಿಂಗಳಿಗೆ ಸುಮಾರು 2,80,000 ರೂಪಾಯಿ ಬೀಳುತ್ತಿದ್ದ ಕ್ಯಾನ್ಸರ್ ಔಷಧಿಯನ್ನು ದೇಶದ ಒಂದು ಕಂಪೆನಿ 8,880 ರೂಪಾಯಿಗೆ ಕೊಡುವಂತಾಯಿತು. ಅಂಥ ಅರ್ಜಿ ಬರೆಯಲು ಪೇಟೆಂಟ್ ಕಾಯಿದೆಯೂ ಗೊತ್ತಿರಬೇಕು, ರೋಗಿಯ ಮನೆಯ ಲೆಕ್ಕವೂ ಗೊತ್ತಿರಬೇಕು. "ಮೊದಲ ಐದು ವರ್ಷ ಗಳಿಕೆ ಕಮ್ಮಿ ಅಪ್ಪ. ಅದನ್ನು ಮುಚ್ಚಿಡೋದಿಲ್ಲ" ಎಂದಳು. ಮಗ ಲೆಕ್ಕಪತ್ರ ನೋಡುವವನು. ಉಬ್ಬಿಸದೆ ಹೇಳಿದ ಲೆಕ್ಕಕ್ಕೆ ಅವನು ತಲೆದೂಗಿದ.

ಅವಳ ತರಬೇತಿಯಲ್ಲಿ ಒಂದು ಕೊರತೆ ಮಾತ್ರ ನನಗೆ ಕಂಡಿತು. ಪುಸ್ತಕ ಇಂಗ್ಲಿಷು, ತೀರ್ಪು ಇಂಗ್ಲಿಷು, ಫಾರ್ಮು ಇಂಗ್ಲಿಷು ಇಲ್ಲವೇ ಮರಾಠಿ. ಈ ನಗರದಲ್ಲಿ ಕಟ್ಟಡದ ಕೆಲಸಕ್ಕೆ ಬಂದ ರಾಯಚೂರು, ಕಲಬುರ್ಗಿ ಕಡೆಯ ನಮ್ಮವರು ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತುವಾಗ ಅವರಿಗೆ ಓದಿ ಹೇಳುವವರು ಯಾರು? ನಾನು ಮತ್ತು ಪುಟ್ಟಿ ಸೇರಿ ಈಗ ಎರಡು ಪುಟದ ಒಂದು ಕನ್ನಡ ಹಾಳೆ ತಯಾರಿಸಿದ್ದೇವೆ: ಸಹಿಗೆ ಮುಂಚೆ ಕೇಳಬೇಕಾದ ಪ್ರಶ್ನೆಗಳು, ಕೇಸ್ ಪೇಪರ್ ಕೇಳುವ ಅರ್ಜಿಯ ನಮೂನೆ. ಕಾನೂನಿನ ಮಾತು ಅವಳದು, ಕನ್ನಡ ನನ್ನದು. ಸಂಘದ ಕಛೇರಿಯಲ್ಲಿ ಇಡಲು ಕಾರ್ಯದರ್ಶಿಗಳನ್ನು ಕೇಳಿಕೊಂಡಿದ್ದೇನೆ. ನಮ್ಮ ಮಕ್ಕಳಲ್ಲಿ ಲಾ ಓದುವವರು ಇನ್ನೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಅವರನ್ನು ಕಳಿಸಿಕೊಟ್ಟರೆ ಅವರಿಗೂ ಅಭ್ಯಾಸ, ನಮಗೂ ಉಪಕಾರ.

ಇತ್ತೀಚೆಗೆ ನನ್ನ ಬಲಗಣ್ಣಿನ ಪೊರೆ ತೆಗೆಸಿದೆ. ಬೆಳಿಗ್ಗೆ ದಾದಿ ಕಾಗದ ತಂದು, ನಾನು ಎದುರಿಗೇ ಕುಳಿತಿದ್ದರೂ ಮಗನ ಕೈಗೆ ಕೊಟ್ಟಳು. ಅವನು ಜೇಬಿನಿಂದ ಪೆನ್ನು ತೆಗೆದ. ನಾನು ಕೈ ಚಾಚಿ ಕಾಗದವನ್ನು ಈಚೆಗೆ ತೆಗೆದುಕೊಂಡೆ. ಅಕ್ಷರ ಮಂಜು ಮಂಜಾಗಿ ಕಾಣುತ್ತಿತ್ತು. ಪುಟ್ಟಿ ಪಕ್ಕದಲ್ಲಿ ಕುಳಿತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ದಾದಿ ಎರಡು ಸಲ ಗಡಿಯಾರ ನೋಡಿದಳು. ನನಗೆ ಮೂರು ಪ್ರಶ್ನೆಗಳಿದ್ದವು. ಡಾಕ್ಟರು ಹೊರಗೆ ಬಂದು, ನಕ್ಕು, ಮೂರಕ್ಕೂ ಉತ್ತರ ಕೊಟ್ಟರು. ಆಮೇಲೆ ಸಹಿ ಹಾಕಿದೆ.